ಭತ್ತದ ಹೊಟ್ಟಿನ ಜೆಲ್: ಮೂರನೇ ಬ್ಯಾಚ್

ಮೇ ಕೊನೆ

ಭತ್ತದ ಹೊಟ್ಟಿನ ಬೂದಿಯಿಂದ ಸಿಲಿಕಾ (ಮರಳಿನಲ್ಲಿರುವ ವಸ್ತು) ತೆಗೆದು ಜೆಲ್ ಕಟ್ಟಿಸುತ್ತಿದ್ದೇನೆ. ಎರಡು ಬ್ಯಾಚ್ ಹಾಳಾದವು. ಮೊದಲನೆಯದಕ್ಕೆ ನನ್ನ ಆತುರವೇ ಕಾರಣ. ಸಿಟ್ರಿಕ್ ಆಸಿಡ್ ನೀರನ್ನು ಒಂದೇ ಸಲ ಸುರಿದುಬಿಟ್ಟೆ, ಒಡೆದ ಹಾಲಿನ ಹಾಗೆ ಗಂಟು ಗಂಟಾಯಿತು. ಎರಡನೆಯದು ಚೆನ್ನಾಗಿಯೇ ಕಟ್ಟಿಕೊಂಡಿತ್ತು. ಬೇಗ ಒಣಗಲಿ ಅಂತ ಅಂಗಳದ ಬಿಸಿಲಿಗಿಟ್ಟೆ. ಸಂಜೆ ನೋಡಿದರೆ ಬೇಸಿಗೆಯ ಗದ್ದೆ ಬಿರಿದ ಹಾಗೆ ಚೂರು ಚೂರು.

ಈ ಹುಚ್ಚು ಶುರುವಾಗಿದ್ದು ಹಲ್ಲಿನಿಂದ. ನಮ್ಮಜ್ಜ ಭತ್ತದ ಹೊಟ್ಟು ಸುಟ್ಟ ಕರಿಯಲ್ಲಿ ಹಲ್ಲುಜ್ಜುತ್ತಿದ್ದರು. ಹಲ್ಲು ಜುಂ ಅನ್ನುವವರ ಕೆಲವು ಟೂತ್‌ಪೇಸ್ಟಿನಲ್ಲಿ ಈಗ ಬಯೋಗ್ಲಾಸ್ ಪುಡಿ ಇರುತ್ತದೆ. 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಮಾಡಿದ, ಮೂಳೆಗೆ ಬೆಸೆದುಕೊಳ್ಳುವ ಗಾಜು ಅದು. ಅದರಲ್ಲಿ ತೂಕದ ನೂರಕ್ಕೆ 45 ಭಾಗ ಸಿಲಿಕಾ. ಹೊಟ್ಟಿನ ಬೂದಿಯಲ್ಲೂ ಬಹುಪಾಲು ಸಿಲಿಕಾನೇ! ಆದರೆ ಹೆಂಚ್ ಗಾಜನ್ನು ಕರಗಿಸಲು 1300 ಡಿಗ್ರಿಗೂ ಜಾಸ್ತಿ ಶಾಖ ಬೇಕು. 1991ರಲ್ಲಿ ಅವರ ತಂಡವೇ ಸೋಲ್-ಜೆಲ್ ದಾರಿ (ದ್ರವವನ್ನು ಹೆಪ್ಪುಗಟ್ಟಿಸಿ, ಒಣಗಿಸಿ ಗಾಜು ಮಾಡೋದು) ಹಿಡಿದು, ಸುಮಾರು ಅರ್ಧದಷ್ಟು ಶಾಖದಲ್ಲಿ ಅಂಥದೇ ಗಾಜು ಮಾಡಿತು. ಅದರ ತುಂಬ ಸಣ್ಣ ಸಣ್ಣ ತೂತು. ಆ ತೂತುಗಳೇ ನನ್ನನ್ನು ಹಿಡಿದಿದ್ದು.

ಜೂನ್ ಎರಡನೇ ವಾರ

ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ. ಮೂರನೇ ಬ್ಯಾಚ್ ಇವತ್ತು.

20 ಗ್ರಾಂ ಬೂದಿ (100 ಗ್ರಾಂ ಹೊಟ್ಟಿಗೆ ಹೆಚ್ಚುಕಡಿಮೆ ಇಷ್ಟೇ ಸಿಗೋದು), 200 ಎಂಎಲ್ ನೀರು, 10 ಗ್ರಾಂ ಕಾಸ್ಟಿಕ್ ಸೋಡಾ. ಬೂದಿಯ ಸಿಲಿಕಾ ನೀರಿಗೆ ಕರಗಲಿ ಅಂತ ಸ್ಟೀಲ್ ಪಾತ್ರೆಯಲ್ಲಿ ಒಂದು ಗಂಟೆ ಕುದಿಸಿದೆ. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ ಪಾತ್ರೆಯನ್ನೇ ತಿನ್ನುತ್ತದೆ. ಕನ್ನಡಕ, ಗ್ಲೌಸ್ ಇಲ್ಲದೆ ಯಾರೂ ಮಾಡಬೇಡಿ. ಹೊಟ್ಟನ್ನು ತೀರಾ ಜಾಸ್ತಿ ಶಾಖದಲ್ಲಿ ಸುಟ್ಟರೆ ಸಿಲಿಕಾ ಹರಳುಗಟ್ಟುತ್ತದೆ. ಆಮೇಲೆ ಸರಿಯಾಗಿ ಕರಗೋದೂ ಇಲ್ಲ, ಆ ಧೂಳು ಶ್ವಾಸಕೋಶಕ್ಕೂ ಕೆಟ್ಟದ್ದು.

ಕುದಿಸಿದ್ದನ್ನು ಸೋಸಿ, ಆ ನೀರಿಗೆ ಸಿಟ್ರಿಕ್ ಆಸಿಡ್ ಹನಿ ಹನಿಯಾಗಿ ಬಿಟ್ಟೆ. ಹುಳಿ-ಕ್ಷಾರ ಅಳೆಯುವ ಪಿಎಚ್ ಪೇಪರ್ 8ರ ಹತ್ತಿರ ಬಂದಾಗ ನಿಲ್ಲಿಸಿ ಬಟ್ಟಲುಗಳಿಗೆ ಹೊಯ್ದೆ. ಅಮ್ಮ ಬಗ್ಗಿ ನೋಡಿದರು. "ಎಂತದೋ ಇದು, ಮೊಸರಿಗೆ ಹೆಪ್ಪು ಹಾಕಿದ್ಯಾ?"

ಸರಿಯಾಗೇ ಕೇಳಿದರು. ನೀರಲ್ಲಿ ತೇಲುವ ಕಣಗಳು ಸೋಲ್. ಹುಳಿ ಬಿದ್ದಾಗ ಅವು ಒಂದಕ್ಕೊಂದು ಅಂಟಿ ಬಲೆಯಾದರೆ ಜೆಲ್. ಮಾರನೇ ದಿನ ಮೊಸರು ನೀರು ಬಿಟ್ಟ ಹಾಗೆ ಇದೂ ಅಂಚಲ್ಲಿ ನೀರು ಬಿಟ್ಟಿತ್ತು. ಉಪ್ಪು ಹೋಗಲಿ ಅಂತ ನಾಲ್ಕು ದಿನ ನೀರು ಬದಲಿಸುತ್ತಾ ನೆನೆಸಿಟ್ಟೆ.

ಜೂನ್ ಕೊನೆ

ಹಸಿ ಜೆಲ್ ಕೊಯ್ದು ಒಂದು ತುಂಡನ್ನು ಕೆಂಪು ಫುಡ್ ಕಲರ್‌ನಲ್ಲಿ, ಇನ್ನೊಂದನ್ನು ಅಕ್ವೇರಿಯಂ ಅಂಗಡಿಯ ಮೆಥಿಲೀನ್ ಬ್ಲೂನಲ್ಲಿ ಅದ್ದಿಟ್ಟೆ. ಮಾರನೇ ದಿನ ಎರಡನ್ನೂ ಬರೀ ನೀರಿಗೆ ಹಾಕಿದೆ. ಇಂಥ ತೂತುಗಳಲ್ಲಿ ಔಷಧಿ ತುಂಬಿ ನಿಧಾನಕ್ಕೆ ಹೊರಬಿಡಿಸಬಹುದು; ನನ್ನ ಪ್ರಯೋಗಕ್ಕೆ ಬಣ್ಣಗಳೇ ಔಷಧಿ. ಕೆಂಪು ರಾತ್ರಿಯೊಳಗೆ ಹೊರಗೆ ಬಂತು. ನೀಲಿ ಕದಲಲೇ ಇಲ್ಲ. ಸಿಲಿಕಾದ ಮೈಮೇಲೆ ಋಣ ವಿದ್ಯುದಂಶ, ನೀಲಿ ಬಣ್ಣದ್ದು ಧನ. ಕಚ್ಚಿ ಕೂತಿದೆ. ಔಷಧಿ ಬಿಡುವ ಜೆಲ್ ಮಾಡುವವರೂ ಇದೇ ಲೆಕ್ಕ ಹಾಕಬೇಕು ಅಲ್ವಾ? 2001ರಲ್ಲಿ ಸ್ಪೇನಿನ ಮರಿಯಾ ವಲೆಟ್-ರೆಹಿ ತಂಡ ಒಂದೇ ಅಳತೆಯ ತೂತಿನ ಸಿಲಿಕಾದಲ್ಲಿ ಐಬುಪ್ರೊಫೆನ್ ತುಂಬಿ, ಅದು ನಿಧಾನಕ್ಕೆ ಹೊರಬರುವುದನ್ನು ತೋರಿಸಿತ್ತು.

ಜುಲೈ ಮೂರನೇ ವಾರ

ಉಳಿದ ನಾಲ್ಕು ಬಿಲ್ಲೆ ಬಟ್ಟೆ ಮುಚ್ಚಿ ಕಪಾಟಿನಲ್ಲಿದ್ದವು. ಬಟ್ಟೆಯೇ ಒಣಗದ ಈ ಥಂಡಿಯಲ್ಲಿ ಇವು ಒಣಗುತ್ತವಾ ಅಂತ ಬೈದುಕೊಂಡೇ ಇಟ್ಟಿದ್ದೆ. ಒಂದಕ್ಕೆ ಬೂಸ್ಟು ಬಂತು, ತೊಳೆದಿದ್ದು ಸಾಲಲಿಲ್ಲ ಅನ್ನಿಸುತ್ತದೆ. ಮೂರು ಮಾತ್ರ ಇಡಿಯಾಗಿ ಒಣಗಿವೆ! ಲೋಟದ ಬಾಯಿಯಷ್ಟಿದ್ದದ್ದು ಎಂಟಾಣೆಯಷ್ಟಾಗಿದೆ. ಬಿಸಿಲಲ್ಲಿ ಮೇಲುಪದರ ಮೊದಲು ಒಣಗಿ, ತೂತೊಳಗಿನ ನೀರು ಗೋಡೆಗಳನ್ನು ಎಳೆದು ಸೀಳುತ್ತದೆ. ಮಳೆಗಾಲದಲ್ಲಿ ಆ ಎಳೆತ ಎಲ್ಲ ಕಡೆ ಒಂದೇ ಸಮ.

ಖುಷಿಯಲ್ಲಿ ಒಂದನ್ನು ಕೆಂಪು ನೀರಿಗೆ ಹಾಕಿದೆ. ಟಿಕ್ ಟಿಕ್ ಸದ್ದು. ನೋಡನೋಡುತ್ತಿದ್ದಂತೆ ನಾಲ್ಕು ಹೋಳು. ನೀರು ಒಳಗೆ ನುಗ್ಗಿದ ರಭಸಕ್ಕೇ ಒಡೆಯಿತು.

ಉಳಿದ ಎರಡು ಈಗ ಕಿಟಕಿ ಕಟ್ಟೆ ಮೇಲಿವೆ. ಹೊರಗಿನ ಥಂಡಿಯನ್ನು ಒಂದು ವಾರ ಕುಡಿಯಲಿ, ಆಮೇಲೆ ನೀರು.