ಬೀದಿಗೆ ಬೆನ್ನು ಮಾಡಿದ ಮನೆ

ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ 1977ರಲ್ಲಿ ಪ್ರತಿಷ್ಠಾಪನೆಯಾದ ಗಣಪತಿ ದೇವಸ್ಥಾನಕ್ಕೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದರೂ, ಅದು ಇರುವ ಬೌನ್ ಬೀದಿಗೆ ಆ ಹೆಸರು ಹೇಗೆ ಬಂತೆಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಕಳೆದ ಚಳಿಗಾಲದ ಒಂದು ಭಾನುವಾರ ದರ್ಶನ ಮುಗಿಸಿ, ಕ್ಯಾಂಟೀನಿನ ದೋಸೆಯನ್ನು ಮಧ್ಯಾಹ್ನಕ್ಕೆ ಮುಂದೂಡಿ, ಹಣೆಯ ಕುಂಕುಮದೊಡನೆಯೇ, ಆ ಹೆಸರಿನ ಜಾಡು ಹಿಡಿದು, ಕ್ವೇಕರರೆಂಬ ಕ್ರೈಸ್ತ ಪಂಥದವರ ಹಳೆಯ ಸಭಾಗೃಹವನ್ನು ಹುಡುಕಿಕೊಂಡು ಹೊರಟೆ.

ನಾರ್ದರ್ನ್ ಬುಲೆವಾರ್ಡ್‌ನಲ್ಲಿ ಎರಡು ಸಲ ಅದನ್ನು ಉಗ್ರಾಣವೆಂದು ತಿಳಿದು ದಾಟಿ ಹೋದೆ. 1694ರಲ್ಲಿ ಕಟ್ಟಿದ ಆ ಮನೆಯ ಮುಖವಿರುವುದು ದಕ್ಷಿಣಕ್ಕೆ, ಸ್ಮಶಾನದ ಕಡೆಗೆ. ರಸ್ತೆಗೆ ಕಾಣುವುದು ಅದರ ಬೆನ್ನು ಮಾತ್ರ. ಶಿಖರವಿಲ್ಲ, ಶಿಲುಬೆಯಿಲ್ಲ. ಒಳಗೆ, ನಮ್ಮ ಕಣ್ಣು ತಾನಾಗಿ ಗರ್ಭಗುಡಿಯನ್ನು ಅರಸುವ ಜಾಗದಲ್ಲಿ, ಬರಿಯ ಬೆಂಚುಗಳು. ಇಲ್ಲಿ ಆರಾಧನೆಯೆಂದರೆ ಒಂದು ಗಂಟೆ ಸುಮ್ಮನೆ ಕೂರುವುದು. ಒಳಗಿನಿಂದ ಮಾತು ಬಂದವರು ಎದ್ದು ಆಡುತ್ತಾರೆ. ಅಂದು ಯಾರಿಗೂ ಬರಲಿಲ್ಲ. ಹೊರಗೆ ಬಸ್ಸು ಹೋದಾಗಲೆಲ್ಲ ನನ್ನ ಬೆಂಚು ಕಿರುಗುಟ್ಟುತ್ತಿತ್ತು. ನಾನು ತಲೆಯೆತ್ತಿ ಓಕ್ ಮರದ ತೊಲೆಗಳ ಮೇಲೆ ಕೈಯಿಂದ ಕೆತ್ತಿದ ಗುರುತುಗಳನ್ನು ಎಣಿಸುತ್ತ ಕುಳಿತೆ. ಅದನ್ನು ಧ್ಯಾನವೆಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ಕೈಕುಲುಕಿ ಸಭೆ ಮುಗಿದ ಮೇಲೆ ಹಿರಿಯ ಸದಸ್ಯೆಯೊಬ್ಬರು ಕಥೆ ಹೇಳಿದರು. ಊರು ಡಚ್ಚರ ಕೈಯಲ್ಲಿದ್ದಾಗ ಆಡಳಿತಾಧಿಕಾರಿ ಪೀಟರ್ ಸ್ಟೈವೆಸಂಟ್ ಕ್ವೇಕರರಿಗೆ ಆಶ್ರಯ ಕೊಡಕೂಡದೆಂದು ಆಜ್ಞೆ ಹೊರಡಿಸಿದ್ದ. 1657ರ ಡಿಸೆಂಬರಿನಲ್ಲಿ ಊರಿನ 30 ಮಂದಿ ಅದನ್ನು ಪಾಲಿಸಲಾಗದೆಂದು ಬರೆದು ಸಹಿ ಹಾಕಿದರು. ಅವರಲ್ಲಿ ಒಬ್ಬನೂ ಕ್ವೇಕರನಲ್ಲ ಎಂಬುದು ನನ್ನನ್ನು ಹೆಚ್ಚು ತಟ್ಟಿತು. ತನ್ನ ಮನೆಯಲ್ಲೇ ಕ್ವೇಕರರ ಸಭೆ ನಡೆಯಗೊಟ್ಟ ಜಾನ್ ಬೌನ್ 1662ರಲ್ಲಿ ಸೆರೆಯಾಗಿ, ದಂಡ ಕಟ್ಟಲೊಪ್ಪದೆ ಗಡೀಪಾರಾಗಿ, ಹಾಲೆಂಡಿಗೆ ಹೋಗಿ, ಈ ವಸಾಹತಿನ ಒಡೆತನವಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಮುಂದೆಯೇ ಅಹವಾಲು ಹೇಳಿಕೊಂಡ. ಮರುವರ್ಷ ಕಂಪನಿ, ಯಾರ ಮನಸ್ಸಾಕ್ಷಿಯ ಗೊಡವೆಗೂ ಹೋಗಬೇಡವೆಂದು ಸ್ಟೈವೆಸಂಟನಿಗೆ ಬರೆಯಿತು. ಜನ ವಲಸೆ ಬಾರದೆ ವಸಾಹತು ಬೆಳೆಯದೆಂಬ ಲೆಕ್ಕಾಚಾರವೂ ಆ ಔದಾರ್ಯದ ಹಿಂದಿತ್ತು, ವ್ಯಾಪಾರಿಗಳಲ್ಲವೇ!

ಈ ಸಭಾಗೃಹದ ಜಾಗ ಕೊಂಡವರಲ್ಲಿ ಬೌನ್ ಕೂಡ ಒಬ್ಬ. ಕಟ್ಟಡ ಎದ್ದ ಮರುವರ್ಷವೇ ಅವನು ತೀರಿಕೊಂಡ. 1776ರಿಂದ 1783ರವರೆಗೆ ಬ್ರಿಟಿಷ್ ಸೈನ್ಯ ಇದನ್ನು ಸೆರೆಮನೆಯಾಗಿ, ಹುಲ್ಲಿನ ಕಣಜವಾಗಿ, ಆಸ್ಪತ್ರೆಯಾಗಿ ಬಳಸಿದ್ದನ್ನು ಬಿಟ್ಟರೆ ಸಭೆ ನಿಂತದ್ದಿಲ್ಲ.

ಬೌನನ ಸಮಾಧಿ ನೋಡಬಹುದೇ ಎಂದು ಕೇಳಿದೆ. ಆಕೆ ನಕ್ಕು ಹಿತ್ತಲ ಹುಲ್ಲಿನತ್ತ ಕೈ ತೋರಿಸಿದರು. ಸಮಾಧಿಗೆ ಕಲ್ಲಿಡುವುದು ಒಣಪ್ರತಿಷ್ಠೆಯೆಂದು 1848ರವರೆಗೆ ಇಲ್ಲಿ ಯಾರಿಗೂ ಗುರುತಿನ ಕಲ್ಲು ಇಡುತ್ತಿರಲಿಲ್ಲವಂತೆ. ಎಲ್ಲಿ ಕಾಲಿಟ್ಟರೆ ಯಾರ ಎದೆಯೋ ಎಂದು ತಿಳಿಯದೆ ಅಂಚಿನಲ್ಲೇ ನಿಂತೆ.

ಮರಳಿ ಬರುವಷ್ಟರಲ್ಲಿ ಕ್ಯಾಂಟೀನಿನ ಸಾಲು ಬಾಗಿಲಾಚೆಗೆ ಬೆಳೆದಿತ್ತು. ನನ್ನ ಮುಂದಿದ್ದ ಹುಡುಗನೊಬ್ಬ ಫೋನಿನಲ್ಲಿ ಯಾರಿಗೋ ದಾರಿ ಹೇಳುತ್ತ, ‘ಬೌನ್’ ಎಂಬುದನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುತ್ತಿದ್ದ.