ಸ್ಟಾಂಪಿನ ಹುಡುಗ

23 ಆಗಸ್ಟ್ 2024, ಶುಕ್ರವಾರ ರಾತ್ರಿ

ಊಟ ಆದ ಮೇಲೆ ಮಾವನ ಸ್ಟಾಂಪ್ ಆಲ್ಬಂ ತೆಗೆದು ಕೂತೆ. ರೊಮೇನಿಯಾದ ಪುಟದಲ್ಲಿ ಒಂದು ಪುಟ್ಟ ಸ್ಟಾಂಪ್ ಇದೆ. ಸಣ್ಣ ಹುಡುಗನ ಮುಖ. ಭೂತಗನ್ನಡಿ ಹಿಡಿದು ನೋಡಿದೆ. ದುಂಡು ಕೆನ್ನೆಯ ಮೇಲೆ ಅಂಚೆ ಮುದ್ರೆಯ ಕಪ್ಪು ಗೆರೆ ಹಾದುಹೋಗಿದೆ. ಸ್ಟಾಂಪಿನ ಕೆಳಗಿನ ಅಂಚಿನ ಎರಡು ಹಲ್ಲು ಮುರಿದಿವೆ.

ಮಗಳು ಪಕ್ಕಕ್ಕೆ ಬಂದು, "ಅಮ್ಮಾ, ಇವನ್ಯಾರು?" ಅಂದಳು.

"ರಾಜ."

"ಇಷ್ಟು ಚಿಕ್ಕವನಾ?"

ಹೌದು, ಇಷ್ಟು ಚಿಕ್ಕವನೇ. 1927ರಲ್ಲಿ ರಾಜನಾಗಿದ್ದ ಅಜ್ಜ ಫರ್ಡಿನಾಂಡ್ ತೀರಿಕೊಂಡಾಗ ಈ ಹುಡುಗ ಮಿಹಾಯ್‌ಗೆ ಇನ್ನೂ ಆರು ತುಂಬಿರಲಿಲ್ಲ. ಅಪ್ಪ ಕ್ಯಾರೊಲ್ ಆಗಲೇ ಪಟ್ಟದ ಹಕ್ಕು ಬಿಟ್ಟುಕೊಟ್ಟು ಹೊರಟುಹೋಗಿದ್ದ. ಮೂರು ವರ್ಷ ಆದ ಮೇಲೆ ಅದೇ ಅಪ್ಪ ವಾಪಸ್ ಬಂದು ಮಗನನ್ನು ಇಳಿಸಿ ತಾನೇ ಸಿಂಹಾಸನದಲ್ಲಿ ಕೂತ. 1940ರ ಬೇಸಿಗೆಯಲ್ಲಿ ಪೂರ್ವದ ಬೆಸರಾಬಿಯಾ ಪ್ರಾಂತ್ಯ ಸೋವಿಯತ್ ಪಾಲಾಯಿತು, ಟ್ರಾನ್ಸಿಲ್ವೇನಿಯಾದ ಉತ್ತರ ಭಾಗ ಹಂಗೇರಿಗೆ ಹೋಯಿತು. ಜನ ರೊಚ್ಚಿಗೆದ್ದರು. ಕ್ಯಾರೊಲ್ ಅಧಿಕಾರವನ್ನೆಲ್ಲ ಜನರಲ್ ಇಯೊನ್ ಆಂಟೊನೆಸ್ಕು ಕೈಗಿಟ್ಟು ದೇಶ ಬಿಟ್ಟ. 18 ವರ್ಷದ ಮಿಹಾಯ್ ಮತ್ತೆ ರಾಜನಾದ. ಹೆಸರಿಗೆ ಮಾತ್ರ.

ಇವತ್ತು ಆಲ್ಬಂ ತೆಗೆಯೋಕೆ ಕಾರಣ ಇದೆ. 1944ರ ಆಗಸ್ಟ್ 23ಕ್ಕೆ ಇವತ್ತಿಗೆ ಸರಿಯಾಗಿ 80 ವರ್ಷ. ಈ ದಿನ ಬಂದರೆ ನನಗೆ ಬುಕಾರೆಸ್ಟ್‌ನ ಅರಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಷ್ಟೊತ್ತಿಗೆ ಆಂಟೊನೆಸ್ಕು ಮಾರ್ಷಲ್ ಆಗಿದ್ದ. ಹಿಟ್ಲರ್ ಜೊತೆ ಸೇರಿ ಮೂರು ವರ್ಷ ಸೋವಿಯತ್ ವಿರುದ್ಧ ಯುದ್ಧ ಮಾಡಿದ್ದ. ರೊಮೇನಿಯಾದ ಎರಡು ಸೇನೆಗಳು ಸ್ಟಾಲಿನ್‌ಗ್ರಾಡ್‌ನಲ್ಲಿ ನುಚ್ಚುನೂರಾಗಿದ್ದವು. ಆಗಸ್ಟ್ 20ಕ್ಕೆ ಯಾಶ್ ಊರಿನ ಹತ್ತಿರ ಸೋವಿಯತ್ತಿನ ಕೆಂಪು ಸೇನೆ ಮುನ್ನುಗ್ಗಿತು, ಗಡಿ ಕುಸಿಯಿತು. ರಾಜ, ಕೆಲವು ಜನರಲ್‌ಗಳು ಮತ್ತು ನಾಲ್ಕು ಪಕ್ಷಗಳ ನಾಯಕರು ಆಂಟೊನೆಸ್ಕುವನ್ನು ಇಳಿಸಲು ಗುಟ್ಟಾಗಿ ತಯಾರಾಗಿದ್ದರು. ಮೊದಲು 26ಕ್ಕೆ ಅಂತ ಗೊತ್ತು ಮಾಡಿದ್ದರು. ಯುದ್ಧ ಅಷ್ಟು ದಿನ ಕಾಯಲಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಆಂಟೊನೆಸ್ಕು ಅರಮನೆಗೆ ಬಂದ. ಎದುರಿಗೆ 22 ವರ್ಷದ ರಾಜ, ಪಕ್ಕದಲ್ಲಿ ಜನರಲ್ ಕಾನ್‌ಸ್ಟಾಂಟಿನ್ ಸನತೆಸ್ಕು. ಈಗಲೇ ಕದನವಿರಾಮ ಮಾಡಿಕೊಳ್ಳಿ ಅಂತ ರಾಜ ಕೇಳಿದ. ಹಿಟ್ಲರ್‌ಗೆ ಹೇಳದೆ ಆಗೋದಿಲ್ಲ ಅಂತ ಮಾರ್ಷಲ್ ಪಟ್ಟು ಹಿಡಿದ. ರಾಜ ಮೊದಲೇ ಮಾತಾಡಿಕೊಂಡಿದ್ದ ಸಂಕೇತದ ಮಾತು ಹೇಳಿದ. ಹಾಗಾದರೆ ಇನ್ನು ನಾವು ಮಾಡೋದೇನೂ ಇಲ್ಲ, ಅಷ್ಟೇ ಅದರ ಅರ್ಥ. ಬಾಗಿಲು ತೆರೆಯಿತು, ಕಾವಲಿನವರು ಒಳಗೆ ಬಂದರು.

ಅವನನ್ನು ಕೂಡಿಹಾಕಿದ್ದು ಎಲ್ಲಿ ಗೊತ್ತಾ? ಕ್ಯಾರೊಲ್ ತನ್ನ ಸ್ಟಾಂಪ್ ಸಂಗ್ರಹ ಇಡೋಕೆ ಮಾಡಿಸಿಕೊಂಡಿದ್ದ ಭದ್ರ ಕೋಣೆಯಲ್ಲಿ. ಕಿಟಕಿ ಇಲ್ಲದ ಪುಟ್ಟ ಕೋಣೆ. ಇದನ್ನು ಮೊದಲು ಓದಿದಾಗ ನಾನು ಎದ್ದು ಹೋಗಿ ಈ ಆಲ್ಬಂ ತಂದಿದ್ದೆ. ಲಕ್ಷಾಂತರ ಜನರನ್ನು ರಣರಂಗಕ್ಕೆ ಕಳಿಸಿದ ಮನುಷ್ಯ ಸ್ಟಾಂಪ್ ಇಡುವ ಕೋಣೆಯಲ್ಲಿ ಕೂತು ಕಾಗದದ ಮೇಲೆ ತನ್ನ ಸಮರ್ಥನೆ ಬರೆಯುತ್ತಿದ್ದ. ರಾತ್ರಿ ಹತ್ತರ ಸುಮಾರಿಗೆ ರೇಡಿಯೋದಲ್ಲಿ ರಾಜನ ದನಿ ಬಂತು: ಯುದ್ಧ ನಿಂತಿತು, ಸನತೆಸ್ಕು ಹೊಸ ಪ್ರಧಾನಿ. ಮಾರನೇ ದಿನ ಜರ್ಮನ್ ವಿಮಾನಗಳು ಬುಕಾರೆಸ್ಟ್ ಮೇಲೆ ಬಾಂಬು ಹಾಕಿದವು. ಬಂಧನ ನಡೆದ ಆ ಕಟ್ಟಡವೂ ಹಾಳಾಯಿತು.

ಸೋವಿಯತ್ ಜೊತೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಸೆಪ್ಟೆಂಬರ್ 12ಕ್ಕೆ. ನಡುವಿನ ಆ ದಿನಗಳಲ್ಲಿ ಬಂದೂಕು ಇಳಿಸಿದ್ದ ಲಕ್ಷಕ್ಕೂ ಜಾಸ್ತಿ ರೊಮೇನಿಯನ್ ಸೈನಿಕರನ್ನು ಕೆಂಪು ಸೇನೆ ಸೆರೆಹಿಡಿದು ಕೊಂಡೊಯ್ಯಿತು. ಅವರ ಮನೆಯವರು ಆ ರಾತ್ರಿ ರೇಡಿಯೋ ಕೇಳಿ, ಮಗ ಇನ್ನೇನು ಬಂದ ಅಂತ ದೀಪ ಹಚ್ಚಿರುತ್ತಾರೆ ಅಲ್ವಾ? ಅದನ್ನು ನೆನೆದರೆ ಹೊಟ್ಟೆ ತೊಳಸಿದಂತಾಗುತ್ತದೆ.

ಆಂಟೊನೆಸ್ಕು ಕಮ್ಯುನಿಸ್ಟರ ಕಾವಲಿನಿಂದ ಸೋವಿಯತ್ ಕೈಗೆ ಹೋದ, ಮಾಸ್ಕೋಗೆ ಹೋದ, ವಿಚಾರಣೆಗೆ ವಾಪಸ್ ಬಂದ. 1946ರ ಜೂನ್ 1ರಂದು ಬುಕಾರೆಸ್ಟ್ ಹತ್ತಿರದ ಜಿಲಾವಾ ಜೈಲಿನಲ್ಲಿ ಗುಂಡಿಟ್ಟು ಕೊಂದರು. ರಷ್ಯಾ ವಿರುದ್ಧ ಹೋರಾಡಿದ ವೀರ ಅಂತ ಅವನನ್ನು ಹೊಗಳುವವರು ಈಗಲೂ ಇದ್ದಾರೆ. ನನ್ನ ಕೈಲಿ ಅದು ಆಗೋದಿಲ್ಲ. 1941ರಲ್ಲಿ ಯಾಶ್‌ನಲ್ಲಿ ಯಹೂದಿಗಳನ್ನು ಬೀದಿಯಲ್ಲಿ ಕೊಂದರು. ಉಳಿದವರನ್ನು ರೈಲಿನ ಗೂಡ್ಸ್ ಡಬ್ಬಿಗಳಲ್ಲಿ ತುಂಬಿದರು, ಜನ ಉಸಿರುಗಟ್ಟಿ ಸತ್ತರು. ರೊಮೇನಿಯಾ ಸರ್ಕಾರವೇ ನೇಮಿಸಿದ ಇತಿಹಾಸಕಾರರ ಆಯೋಗ 2004ರಲ್ಲಿ ಕೊಟ್ಟ ಲೆಕ್ಕದಂತೆ, ಅವನ ಆಡಳಿತದ ಕೈಕೆಳಗೆ ಸತ್ತ ಯಹೂದಿಗಳು 2,80,000ದಿಂದ 3,80,000. ಸುಮಾರು 11,000 ರೋಮಾ (ಜಿಪ್ಸಿ) ಜನರೂ ಸತ್ತರು. ಆ ಮಕ್ಕಳ ಮುಖ ಯಾವ ಸ್ಟಾಂಪಿನ ಮೇಲೂ ಇರಲಿಲ್ಲ.

ಅವನನ್ನು ಇಳಿಸಿದವರ ಕತೆ ಏನಾಯಿತು? ನನ್ನನ್ನು ಜಾಸ್ತಿ ಕಾಡುವುದು ಅದು.

ಸನತೆಸ್ಕು ನಾಲ್ಕು ತಿಂಗಳು ಕೂಡ ಪ್ರಧಾನಿಯಾಗಿ ಉಳಿಯಲಿಲ್ಲ, 1947ರಲ್ಲಿ ತೀರಿಕೊಂಡ. ಅವನ ಗೃಹಮಂತ್ರಿ ಜನರಲ್ ಔರೆಲ್ ಆಲ್ದೆಯಾ ಅಯೂದ್ ಜೈಲಿನಲ್ಲಿ ಸತ್ತ. ಸನತೆಸ್ಕು ನಂತರ ಪ್ರಧಾನಿಯಾಗಿ ಬಂದ ಜನರಲ್ ನಿಕೊಲಾಯೆ ರದೆಸ್ಕು ನನಗೆ ತುಂಬಾ ಇಷ್ಟ. ಯುದ್ಧದ ನಡುವೆಯೇ ಜರ್ಮನ್ ರಾಯಭಾರಿಯನ್ನು ಖಂಡಿಸಿ ಪತ್ರ ಬರೆದು, ತೀರ್ಗು ಜಿಯು ಶಿಬಿರದಲ್ಲಿ ಸೆರೆ ಇದ್ದವನು. ಪ್ರಧಾನಿಯಾದ ಮೇಲೆ ಕಮ್ಯುನಿಸ್ಟರನ್ನೂ ಅಷ್ಟೇ ನೇರವಾಗಿ ಬೈದ. 1945ರ ಫೆಬ್ರವರಿ ಕೊನೆಯಲ್ಲಿ ಮಾಸ್ಕೋದಿಂದ ಸೋವಿಯತ್ ಉಪ ವಿದೇಶಾಂಗ ಮಂತ್ರಿ ವಿಶಿನ್ಸ್ಕಿ ಬಂದು, ಇವನನ್ನು ತೆಗೆದುಹಾಕು ಅಂತ ರಾಜನ ಎದುರು ಮೇಜು ಗುದ್ದಿ, ಹೋಗುವಾಗ ಬಾಗಿಲನ್ನು ದಡಾರನೆ ಎಳೆದುಕೊಂಡು ಹೋದ. ಮಾರ್ಚ್ 6ಕ್ಕೆ ಕಮ್ಯುನಿಸ್ಟರ ಹಿಡಿತದ ಪೆತ್ರು ಗ್ರೊಜಾ ಸರ್ಕಾರ ಬಂತು. ರದೆಸ್ಕು ದೇಶ ಬಿಟ್ಟು ತಪ್ಪಿಸಿಕೊಂಡು 1953ರಲ್ಲಿ ನ್ಯೂಯಾರ್ಕ್‌ನಲ್ಲಿ ಸತ್ತ. ಮಾಸ್ಕೋಗೆ ಹೋಗಿ ಕದನವಿರಾಮಕ್ಕೆ ಸಹಿ ಹಾಕಿದ್ದ ಕಮ್ಯುನಿಸ್ಟ್ ನಾಯಕ ಪತ್ರಷ್ಕಾನುವನ್ನು 1954ರಲ್ಲಿ ಅವನ ಪಕ್ಷದವರೇ ಗುಂಡಿಟ್ಟು ಕೊಂದರು. ರಾಜನಿಂದ 1947ರ ಡಿಸೆಂಬರ್ 30ರಂದು ಸಿಂಹಾಸನ ಬಿಡುವ ಪತ್ರಕ್ಕೆ ಬಲವಂತವಾಗಿ ಸಹಿ ಹಾಕಿಸಿಕೊಂಡು ದೇಶದಿಂದ ಕಳಿಸಿದರು. ಸ್ಟಾಂಪಿನ ಈ ಹುಡುಗ 96 ವರ್ಷ ಬದುಕಿದ, 2017ರವರೆಗೆ.

ಇನ್ನು ಆ ನಾಲ್ಕು ಪಕ್ಷಗಳ ನಾಯಕರಲ್ಲಿ ಒಬ್ಬರಾದ ಯುಲಿಯು ಮಾನಿಯು ಅವರದು. ಇವರನ್ನು ಏಕವಚನದಲ್ಲಿ ಬರೆಯೋಕೆ ನನಗೆ ಮನಸ್ಸು ಬರೋದಿಲ್ಲ. ಟ್ರಾನ್ಸಿಲ್ವೇನಿಯಾದ ವಕೀಲರು, ರೈತ ಪಕ್ಷದ ನಾಯಕರು, ಮೂರು ಸಲ ಪ್ರಧಾನಿ. ಮದುವೆ ಆಗಲಿಲ್ಲ. ಕ್ಯಾರೊಲ್‌ನ ಸರ್ವಾಧಿಕಾರವನ್ನು ವಿರೋಧಿಸಿದರು, ಆಂಟೊನೆಸ್ಕುವನ್ನು ವಿರೋಧಿಸಿದರು, ಆಮೇಲೆ ಕಮ್ಯುನಿಸ್ಟರನ್ನು ವಿರೋಧಿಸಿದರು. 1946ರಲ್ಲಿ ಆಂಟೊನೆಸ್ಕುವಿನ ವಿಚಾರಣೆಗೆ ಸಾಕ್ಷಿಯಾಗಿ ಹೋದಾಗ, ಕಟಕಟೆಯಲ್ಲಿದ್ದ ಅವನ ಕೈ ಕುಲುಕಿದರು. ಇದನ್ನು ಓದಿ ಪುಸ್ತಕ ಮುಚ್ಚಿಟ್ಟಿದ್ದೆ. ಅಷ್ಟು ಹೆಣಗಳು ಎದುರಿಗಿದ್ದಾಗ ಆ ಕೈ ಯಾಕೆ ಮುಟ್ಟಿದಿರಿ ಅಂತ ಈಗಲೂ ಕೇಳಬೇಕು ಅನ್ನಿಸುತ್ತದೆ. ಆದರೂ ಅವರ ಮೇಲಿನ ಗೌರವ ಹೋಗಲಿಲ್ಲ.

1947ರಲ್ಲಿ ಅವರನ್ನು ಹಿಡಿದು ಜೀವಾವಧಿ ಶಿಕ್ಷೆ ಕೊಟ್ಟರು. ಆಗ 74 ವರ್ಷ. ಕೊನೆಗೆ ಸಿಗೆತ್ ಜೈಲಿಗೆ ತಂದರು, ಆಗಿನ ಸೋವಿಯತ್ ಗಡಿಯ ಪಕ್ಕದಲ್ಲೇ ಇದ್ದ ಊರು. ಅಲ್ಲಿ ಹಳೆಯ ಮಂತ್ರಿಗಳು, ಬಿಷಪ್‌ಗಳು, ಜನರಲ್‌ಗಳು ತುಂಬಿದ್ದರು. ಲಿಬರಲ್ ನಾಯಕ ದಿನು ಬ್ರತಿಯಾನು 1950ರಲ್ಲಿ ಅಲ್ಲೇ ತೀರಿಹೋದರು. ಮಾನಿಯು ಕೈಲಾಗದೆ ಬಿದ್ದಾಗ ಅವರನ್ನು ನೋಡಿಕೊಂಡವನು ಅದೇ ಕೋಣೆಯ ಕೈದಿ, ಪತ್ರಕರ್ತ ಕರಾಂಡಿನೊ. 1953ರ ಫೆಬ್ರವರಿ 5ರಂದು ಸತ್ತರು. 80 ವರ್ಷ. ಗುರುತಿನ ಕಲ್ಲು ಕೂಡ ಇಡದೆ ಹೂತುಬಿಟ್ಟರು.

ಮಗಳು ಮಲಗಿದ ಮೇಲೆ ಆಲ್ಬಂ ಮತ್ತೆ ತೆರೆದೆ. ಹುಡುಗನ ಸ್ಟಾಂಪಿನ ಪಕ್ಕ ಒಂದು ಖಾಲಿ ಜಾಗ ಇತ್ತು. ಅಲ್ಲಿ ಪೆನ್ಸಿಲ್‌ನಲ್ಲಿ ಬರೆದೆ: ಯುಲಿಯು ಮಾನಿಯು, 1873–1953.