ಐಹೊಳೆಯ ಬುದ್ಧನಿಗೊಂದು ಅರಿವಿ

ಹಳೇ ಫೋಟೋ ತೋರಿಸಲು ಹೋಗಿ ಮಾನ ಕಳೆದುಕೊಂಡ ಕಥೆ ಇದು.

ಬ್ಯಾಂಕಾಕಿನಲ್ಲಿ ನಮ್ಮ ಪಕ್ಕದ ಮನೆಯಾಕೆಯನ್ನು ಎಲ್ಲರೂ ‘ಪಾ’ ಅನ್ನುತ್ತೇವೆ. ನಮ್ಮ ಕಡೆ ದೊಡ್ಡವ್ವ ಅಂದ ಹಾಗೆ. ದಿನಾ ಬೆಳಕು ಹರಿಯುವ ಹೊತ್ತಿಗೆ ಬಿಸಿ ಅನ್ನ, ರಬ್ಬರ್ ಬ್ಯಾಂಡ್ ಹಾಕಿದ ಸಾರಿನ ಪಾಕೀಟು ಹಿಡಿದು ಗೇಟಿನ ಹತ್ತಿರ ನಿಂತಿರುತ್ತಾರೆ. ಭಿಕ್ಷುಗಳು ಬರಿಗಾಲಲ್ಲಿ ಬರುತ್ತಾರೆ. ಪಾ ಚಪ್ಪಲಿ ಬಿಟ್ಟು ಪಾತ್ರೆಗೆ ಹಾಕುತ್ತಾರೆ. ಭಿಕ್ಷುಗಳು ಪಾಳಿ ಭಾಷೆಯಲ್ಲಿ ನಾಲ್ಕು ಮಾತು ಹರಸಿ ಮುಂದಿನ ಗೇಟಿಗೆ ಹೋಗುತ್ತಾರೆ. ಮಧ್ಯಾಹ್ನ ಹನ್ನೆರಡು ದಾಟಿದರೆ ಅವರಿಗೆ ಊಟವಿಲ್ಲ. ಮೊದಲ ಸಲ ನೋಡಿದಾಗ ಅಮೀನಗಡದ ನಮ್ಮ ಅಜ್ಜಿ ನೆನಪಾದಳು. ಕಂತಿ ಭಿಕ್ಷೆಗೆ ಅಯ್ಯನವರು ಬಂದರೆ ತಲೆ ಮೇಲೆ ಸೆರಗು ಹೊದ್ದು ಜೋಳಿಗೆಗೆ ಜೋಳದ ಹಿಟ್ಟು ಹಾಕುತ್ತಿದ್ದಳು.

ಪಾ ಲೆಕ್ಕದಲ್ಲಿ ನಾನು ಬುದ್ಧನ ದೇಶದವನು. ಬುದ್ಧ ಹುಟ್ಟಿದ ಲುಂಬಿನಿ ಈಗ ನೇಪಾಳದಲ್ಲಿದೆ ಅಂದರೂ ಕೇಳುವುದಿಲ್ಲ. ಜ್ಞಾನ ಸಿಕ್ಕ ಬೋಧಗಯಾ, ಮೊದಲ ಉಪದೇಶ ಮಾಡಿದ ಸಾರನಾಥ, ಕೊನೆಯುಸಿರೆಳೆದ ಕುಶಿನಗರ ನಿಮ್ಮಲ್ಲೇ ಅಲ್ವಾ ಅನ್ನುತ್ತಾರೆ. ದುಡ್ಡು ಕೂಡಿಟ್ಟು ಮೂರನ್ನೂ ನೋಡಿ ಬಂದಿದ್ದಾರೆ. ನಾನು ಒಂದನ್ನೂ ನೋಡಿಲ್ಲ. ಇಲ್ಲಿ ನಮ್ಮ ಕರೆಂಟ್ ಬಿಲ್ಲಿನಲ್ಲೂ ಬುದ್ಧನ ಲೆಕ್ಕದ ಇಸವಿ. ನಮ್ಮದಕ್ಕಿಂತ 543 ಜಾಸ್ತಿ.

ಸಾರನಾಥದಲ್ಲಿ ಹೇಳಿದ ನಾಲ್ಕು ಸತ್ಯಗಳನ್ನು ಪಾ ತಮ್ಮ ಮೊಣಕಾಲು ನೋವಿನ ಲೆಕ್ಕದಲ್ಲಿ ವಿವರಿಸುತ್ತಾರೆ. ನೋವು ಇದೆ. ಅದಕ್ಕೊಂದು ಕಾರಣ ಇದೆ. ಅದು ಹೋಗಬಹುದು. ಹೋಗಲು ಔಷಧ ಇದೆ. ಬುದ್ಧ ಹೇಳಿದ ಕಾರಣ ಆಸೆ, ಔಷಧ ಎಂಟು ಅಂಗಗಳ ದಾರಿ. ಇನ್ನು ಐದು ಶೀಲ: ಕೊಲ್ಲಬಾರದು, ಕದಿಯಬಾರದು, ಹಾದರ ಬೇಡ, ಸುಳ್ಳು ಬೇಡ, ಕುಡಿಯಬಾರದು. ‘ಐದನೆಯದು ನಮ್ಮ ಮನೆಯವರಿಗೆ ಹುಣ್ಣಿಮೆ ದಿನ ಮಾತ್ರ’ ಅಂತ ನಗುತ್ತಾರೆ.

ಮೊನ್ನೆ ಕರದಂಟು ಕೊಡಲು ಹೋಗಿದ್ದೆ. ‘ನಿಮ್ಮ ಊರ ಕಡೆ ಬುದ್ಧ ಇಲ್ವಾ?’ ಅಂದರು. ಇಲ್ಲದೆ ಏನು, ಹತ್ತಿರದಲ್ಲೇ ಐಹೊಳೆ ಇದೆ ಅಂತ ಜಂಭದಿಂದ ಮೊಬೈಲ್ ತೆಗೆದೆ. ಮೇಗುತಿ ಗುಡ್ಡದ ತುದಿಗೆ ಜೈನ ಗುಡಿ. ಅಲ್ಲಿ 634ರಲ್ಲಿ ರವಿಕೀರ್ತಿ ಬರೆದ ಪುಲಕೇಶಿಯ ಶಾಸನ. ಅದರ ಸ್ವಲ್ಪ ಕೆಳಗೆ ಬಂಡೆಗೆ ಒರಗಿದ ಎರಡಂತಸ್ತಿನ ಬೌದ್ಧ ಗುಡಿ. ಅದೇ ಪುಲಕೇಶಿಯ ನಾಡಿಗೆ ಬಂದಿದ್ದ ಚೀನಾದ ಹ್ಯೂಯೆನ್ ತ್ಸಾಂಗ್ ನೂರರಷ್ಟು ವಿಹಾರಗಳ ಲೆಕ್ಕ ಬರೆದಿಟ್ಟಿದ್ದಾನೆ. ಇಷ್ಟೆಲ್ಲ ಹೇಳುತ್ತಾ ಶಾಲೆಯ ಟ್ರಿಪ್ಪಿನ ಫೋಟೋ ತೆಗೆದೇಬಿಟ್ಟೆ.

ಗುಡಿ ಮುಂದಿನ ಆ ಬುದ್ಧನಿಗೆ ತಲೆ ಇಲ್ಲ. ಫೋಟೋದಲ್ಲಿ ಇದೆ. ಪಕ್ಕದಿಂದ ಬಾಗಿ, ಮುರಿದ ಕುತ್ತಿಗೆ ಮೇಲೆ ಗದ್ದ ಇಟ್ಟು ಹಲ್ಲು ಕಿರಿಯುತ್ತಿರುವ ತಲೆ. ನಂದೇ. ಬುದ್ಧನ ತೊಡೆಯ ಮೇಲೆ ಕಟಕ ರೊಟ್ಟಿ ಗಂಟು ಬೇರೆ.

ಇಲ್ಲಿನ ಹಳೇ ರಾಜಧಾನಿ ಅಯುತ್ಥಯಾದಲ್ಲಿ ಮರದ ಬೇರಿನಲ್ಲಿ ಸಿಕ್ಕಿಕೊಂಡ ಬುದ್ಧನ ತಲೆಯೊಂದಿದೆ. ಅದರ ಮುಂದೆ ಫೋಟೋ ತೆಗೆಸಿಕೊಳ್ಳಬೇಕಾದರೆ ನಮ್ಮ ತಲೆ ಅದಕ್ಕಿಂತ ಕೆಳಗಿರಬೇಕು, ಕೂತೇ ತೆಗೆಸಬೇಕು. ಅಂಥ ದೇಶದ ಮುದುಕಿಗೆ ನಾನು ಇದನ್ನು ತೋರಿಸಿದ್ದೆ.

ಪಾ ಬೈಯಲಿಲ್ಲ. ಎರಡು ಬೆರಳಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದರು. ನನ್ನ ಮುಖ ಸರಿಸಿ ಭುಜ, ಎದೆ, ಮಡಿಲು. ಆಮೇಲೆ ಮೆಲ್ಲಗೆ ಕೇಳಿದರು: ‘ಇವನಿಗೆ ಯಾರೂ ಬಟ್ಟೆ ಹೊದಿಸುವುದಿಲ್ವಾ?’

ಅಯುತ್ಥಯಾದ ಬುದ್ಧರಲ್ಲೂ ಬಹಳ ಜನಕ್ಕೆ ತಲೆ ಇಲ್ಲ. 1767ರಲ್ಲಿ ಬರ್ಮಾದ ಸೈನ್ಯ ಊರನ್ನೇ ಸುಟ್ಟಿತ್ತು. ಆದರೂ ಜನ ಹೋಗಿ ಭುಜಕ್ಕೆ ಕಾವಿ ಬಟ್ಟೆ ಹೊದಿಸಿ ಬರುತ್ತಾರೆ. ತಲೆ ಹೋದ ಮಾತ್ರಕ್ಕೆ ಅವನು ಕಲ್ಲಾಗಿಲ್ಲ ಅವರಿಗೆ. ನಮ್ಮಲ್ಲಿ ಐಹೊಳೆ ಅಂದರೆ ಪರೀಕ್ಷೆಗೆ ಎರಡು ಮಾರ್ಕಿನ ಪ್ರಶ್ನೆ, ಮತ್ತೆ ಟ್ರಿಪ್ಪು. ಮಾಸ್ತರೂ ಅಂದು ಶಾಸನದ ಇಸವಿ ಬರೆಸಿ, ಬುತ್ತಿ ಬಿಚ್ಚಿ ಅಂದಿದ್ದರು.

ಮಾರನೇ ದಿನ ಭಿಕ್ಷುಗಳು ಹೋದ ಮೇಲೆ ಪಾ ಒಂದು ಪೊಟ್ಟಣ ಕೊಟ್ಟರು. ಎರಡು ಮೊಳ ಕಾವಿ ಬಟ್ಟೆ. ಊರಿಗೆ ಹೋದಾಗ ಹೊದಿಸಬೇಕಂತೆ. ಅದು ಪುರಾತತ್ವ ಇಲಾಖೆಯ ಜಾಗ, ಕಾವಲುಗಾರ ಸೀಟಿ ಊದುತ್ತಾನೆ ಅಂತ ಅವರಿಗೆ ಹೇಳುವುದು ಹೇಗೆ?

ರಾತ್ರಿ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದಳು.

‘ಗುಡ್ಡದ ಮ್ಯಾಲ ಗಾಳಿ ಭಾಳ ಐತಿ. ಬರೇ ಅರಿವಿ ಹೊಚ್ಚಿದ್ರ ಹಾರಿ ಹೋಗತೈತಿ. ಕಟ್ಟಾಕ ದಾರಾನೂ ಕೇಳಿ ಇಸ್ಕೊಂಡ್ ಬಾ.’